ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವುದು: ಹಳೆಯ ಸಿವಿಕ್‌ಗೆ ಮೊದಲಿಂದ ಕೊನೆತನಕ

ಅಮೆರಿಕದಲ್ಲಿ 1992ರಿಂದ 2000ದವರೆಗಿನ ಹೋಂಡಾ ಸಿವಿಕ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಹಿಂದಿನ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಹಾಕಬಹುದಾ? ಧಾರಾಳವಾಗಿ ಹಾಕಬಹುದು. ಈ ಕಾರಿಗೆ ಅದು ಬೇರೆ ಕಾರುಗಳಿಗಿಂತ ಸಲೀಸು ಕೂಡ. ಯಾಕೆಂದರೆ ಹೋಂಡಾ ಕಂಪನಿಯೇ ಇದೇ ಮೂಲದ ಬೇರೆ ಮಾಡೆಲ್‌ಗಳಿಗೆ ಕಾರ್ಖಾನೆಯಲ್ಲೇ ಹಿಂದೆ ಡಿಸ್ಕ್ ಹಾಕಿ ಮಾರಿತ್ತು, ಆ ಸಾಮಾನು ನಿಮ್ಮ ಕಾರಿಗೆ ವೆಲ್ಡಿಂಗ್ ಇಲ್ಲದೆ, ಕೊರೆಯುವುದಿಲ್ಲದೆ, ಬರೀ ನಟ್ಟು ಬೋಲ್ಟಿನಲ್ಲೇ ಕೂರುತ್ತದೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ ಮತ್ತು ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಕೂರಿಸುವುದು ಈ ಕೆಲಸದ ಸುಲಭದ ಭಾಗ. ನಿಜವಾದ ಕೆಲಸ ಇರುವುದು ಮುಂದಕ್ಕೆ ಎಷ್ಟು ಒತ್ತಡ ಹೋಗಬೇಕು, ಹಿಂದಕ್ಕೆ ಎಷ್ಟು ಹೋಗಬೇಕು ಅನ್ನುವ ಲೆಕ್ಕದಲ್ಲಿ. ಎಷ್ಟೋ ಜನ ಹಿಂದೆ ಡಿಸ್ಕ್ ಹಾಕಿ, ಚಕ್ರದ ಸಂದಿಯಲ್ಲಿ ಅದು ಹೊಳೆಯುವುದನ್ನು ನೋಡಿ ಖುಷಿಪಟ್ಟು, ಒತ್ತಡ ಹಂಚುವ ವಾಲ್ವ್ ಹಳೆಯದನ್ನೇ ಬಿಟ್ಟು ಓಡಿಸುತ್ತಿರುತ್ತಾರೆ. ಆ ಕಾರು ಮೊದಲಿಗಿಂತ ಚೆನ್ನಾಗಿ ನಿಲ್ಲುವುದಿಲ್ಲ, ಕೆಲವು ಸಲ ಮೊದಲಿಗಿಂತ ಕಡೆಯಾಗಿ ನಿಲ್ಲುತ್ತದೆ. ಹಾಗಾಗಿ ಈ ಲೇಖನ ಪೂರ್ತಿ ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ನಿಮಗೆ ಇದು ಬೇಕಾ?

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಜೋರಾಗಿ ಒತ್ತಿದಷ್ಟೂ ಹಿಂದಿನ ಟೈರಿನ ಹಿಡಿತ ಕಮ್ಮಿ. ಸಿವಿಕ್‌ನಂಥ ಮುಂಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಮುಂದೆಯೇ ಇರುವುದರಿಂದ ಕಾರು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಎರಡು ಚಕ್ರಗಳದ್ದೇ. ಒಳ್ಳೆಯ ಸ್ಥಿತಿಯ ಡ್ರಮ್ ಕೂಡ ಹಿಂದಿನ ಟೈರನ್ನು ಲಾಕ್ ಮಾಡುವಷ್ಟು ಶಕ್ತಿ ಇಟ್ಟುಕೊಂಡಿರುತ್ತದೆ. ಅಂದಮೇಲೆ ಹಿಂದೆ ಡಿಸ್ಕ್ ಹಾಕಿದ ಮಾತ್ರಕ್ಕೆ ಕಾರು ಹತ್ತು ಅಡಿ ಮೊದಲೇ ನಿಲ್ಲುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ನಿಮಗೆ ಬೇಕಿರುವುದು ಬೇಗ ನಿಲ್ಲುವ ಕಾರು ಅಂತಾದರೆ ಆ ದುಡ್ಡನ್ನು ಒಳ್ಳೆಯ ಟೈರಿಗೆ, ಮುಂದಿನ ಪ್ಯಾಡಿಗೆ, ಹೊಸ ಬ್ರೇಕ್ ಆಯಿಲಿಗೆ ಹಾಕಿ. ಅದರಿಂದ ಸಿಗುವ ಲಾಭ ಇದಕ್ಕಿಂತ ಜಾಸ್ತಿ.

ಹಾಗಾದರೆ ಡಿಸ್ಕಿನ ಲಾಭ ಏನು? ಮೊದಲನೆಯದು ಬಿಸಿ. ಡ್ರಮ್ ಮುಚ್ಚಿದ ಡಬ್ಬಿ. ಒಳಗೆ ಹುಟ್ಟಿದ ಬಿಸಿ ಬೇಗ ಹೊರಗೆ ಹೋಗುವುದಿಲ್ಲ, ಡ್ರಮ್ ಕಾದಾಗ ಹಿಗ್ಗಿ, ಅದನ್ನು ಒಳಗಿಂದ ಒತ್ತಿ ಹಿಡಿಯುವ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕೆ ಇಳಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ. ಉದ್ದದ ಇಳಿಜಾರಿನಲ್ಲಿ, ರೇಸ್ ಟ್ರ್ಯಾಕಿನಲ್ಲಿ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಎರಡನೆಯದು ನೀರು. ಮಳೆಯಲ್ಲಿ ಡ್ರಮ್ಮಿನ ಒಳಗೆ ನೀರು ಸೇರಿದರೆ ಒಣಗಲು ಹೊತ್ತು ಬೇಕು, ಡಿಸ್ಕ್ ಒಂದೆರಡು ಸುತ್ತಿನಲ್ಲೇ ನೀರು ಕೊಡವಿಕೊಳ್ಳುತ್ತದೆ. ಮೂರನೆಯದು, ನನ್ನ ಮಟ್ಟಿಗೆ ಇದೇ ದೊಡ್ಡದು, ಪ್ಯಾಡ್ ಬದಲಾಯಿಸುವ ಸುಖ. ಸ್ಪ್ರಿಂಗ್, ಅಡ್ಜಸ್ಟರ್, ಕ್ಲಿಪ್ ಅಂತ ಪರದಾಡಬೇಕಾಗಿಲ್ಲ, ಕಣ್ಣಿಟ್ಟು ನೋಡಿದರೆ ಪ್ಯಾಡ್ ಎಷ್ಟು ಉಳಿದಿದೆ ಅಂತ ಕಾಣುತ್ತದೆ.

ಡ್ರಮ್ ಅಂದರೆ ಹಳೇಕಾಲದ ಕಳಪೆ ವಸ್ತು ಅಂತ ತಿಳಿಯಬೇಡಿ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಕಾರುಗಳಿಗೆ ಹಿಂದೆ ಡ್ರಮ್ಮನ್ನೇ ಹಾಕಿದೆ. ಮೋಟಾರೇ ಕಾರಿನ ವೇಗ ತಗ್ಗಿಸುವಾಗ ಹಿಂದಿನ ಬ್ರೇಕಿಗೆ ಕೆಲಸ ಕಮ್ಮಿ, ಕೆಲಸವಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ ಹಾಗೆ ಕೆಡುವುದಿಲ್ಲ. ಲೆಕ್ಕ ಹಾಕಿಯೇ ಹಾಕಿದ್ದಾರೆ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ

ಊರಲ್ಲಿ ಸ್ವಿಫ್ಟ್, ಐ20, ಪೋಲೊ ಇಟ್ಟುಕೊಂಡಿರುವವರೂ ಇದೇ ಪ್ರಶ್ನೆ ಕೇಳುತ್ತಾರೆ. ನನ್ನ ನೇರ ಅಭಿಪ್ರಾಯ: ಕಾರಿನಲ್ಲಿ ಎಬಿಎಸ್ (ಜೋರಾಗಿ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಇಬಿಡಿ (ಮುಂದೆ ಹಿಂದೆ ಒತ್ತಡ ಹಂಚುವ ವ್ಯವಸ್ಥೆ) ಇದ್ದರೆ ಮುಟ್ಟಬೇಡಿ. ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅನ್ನುವುದನ್ನು ಅಲ್ಲಿ ಕಂಪ್ಯೂಟರ್ ತೀರ್ಮಾನಿಸುತ್ತದೆ, ಅದಕ್ಕೆ ಗೊತ್ತಿರುವುದು ಡ್ರಮ್ಮಿನ ಲೆಕ್ಕ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಬದಲಾವಣೆಗೆ ಮಿತಿ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂತ ಹೇಳಿದೆ. ಅಪಘಾತವಾಗಿ ಇನ್ಶೂರೆನ್ಸ್‌ನವರು ಬಂದು ನೋಡಿದಾಗ ಬ್ರೇಕೇ ಬೇರೆ ಇದ್ದರೆ ಪ್ರಶ್ನೆ ಏಳುತ್ತದೆ. ಆರ್‌ಟಿಒ ಮತ್ತು ಇನ್ಶೂರೆನ್ಸ್ ಇಬ್ಬರಲ್ಲೂ ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಚಾರ್ಮಾಡಿ, ಆಗುಂಬೆ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬರುತ್ತದೆ ಅನ್ನುವುದೇ ನಿಮ್ಮ ತೊಂದರೆಯಾದರೆ ಅದಕ್ಕೆ ಮದ್ದು ಎರಡನೇ ಗೇರು. ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಇಳಿಯುವಾಗಲೂ ಅದೇ ಗೇರು. ಜೊತೆಗೆ ಡ್ರಮ್ ಬಿಚ್ಚಿಸಿ ಶೂ ಸವೆದಿದೆಯಾ, ಶೂ ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆಯಾ, ಅಡ್ಜಸ್ಟರ್ ಹಿಡಿದುಕೊಂಡಿದೆಯಾ ನೋಡಿಸಿ. ನೂರಕ್ಕೆ ತೊಂಬತ್ತು ಪಾಲು ದೂರು ಅಲ್ಲೇ ಮುಗಿಯುತ್ತದೆ.

ಅಮೆರಿಕದಲ್ಲೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಪ್ರತಿ ವರ್ಷ ತಪಾಸಣೆ ಮಾಡಿಸಬೇಕು, ಅದರಲ್ಲಿ ಬ್ರೇಕ್ ನೋಡುತ್ತಾರೆ. ಕೆಲಸ ಶುರುಮಾಡುವ ಮೊದಲು ನಿಮ್ಮ ರಾಜ್ಯದ್ದು ನೋಡಿಕೊಳ್ಳಿ.

ಸಾಮಾನು ಎಲ್ಲಿಂದ, ಏನೇನು

ಹಿಂದೆ ಡಿಸ್ಕ್ ಇದ್ದು ನಿಮ್ಮ ಸಿವಿಕ್‌ಗೆ ಹೊಂದುವ ಕಾರುಗಳು ಇವು: 1992–95ರ ಸಿವಿಕ್ ಎಸ್‌ಐ ಹ್ಯಾಚ್‌ಬ್ಯಾಕ್, 1999–2000ದ ಸಿವಿಕ್ ಎಸ್‌ಐ ಕೂಪೆ, ಡೆಲ್ ಸೋಲ್ ವಿಟೆಕ್, ಮತ್ತು 1994–2001ರ ಅಕ್ಯೂರಾ ಇಂಟೆಗ್ರಾ. ಇಂಟೆಗ್ರಾದಲ್ಲಿ ಟೈಪ್ ಆರ್ ಮಾತ್ರ ಬಿಡಿ. ಅದಕ್ಕೆ ಚಕ್ರಕ್ಕೆ ಐದು ನಟ್ಟು, ನಿಮ್ಮದಕ್ಕೆ ನಾಲ್ಕು. ಗುಜರಿ ಅಂಗಳಗಳಲ್ಲಿ ಹೆಚ್ಚಾಗಿ ಸಿಗುವುದು ಸಾದಾ ಇಂಟೆಗ್ರಾ. ನಮ್ಮದೇ ಸ್ಪ್ಯಾನರ್ ತೆಗೆದುಕೊಂಡು ಹೋಗಿ ನಾವೇ ಬಿಚ್ಚಿಕೊಳ್ಳುವ ಅಂಗಳಗಳು ಅಮೆರಿಕದಲ್ಲಿ ಊರೂರಲ್ಲಿ ಇವೆ, ಅಲ್ಲೇ ಹುಡುಕಿ.

ಬಿಚ್ಚುವಾಗ ಒಂದೊಂದು ತುಂಡು ಆರಿಸಿಕೊಳ್ಳಲು ಹೋಗಬೇಡಿ. ಒಂದೇ ಕಾರಿನಿಂದ ಪೂರ್ತಿ ಸೆಟ್ ತನ್ನಿ. ಎರಡೂ ಕಡೆಯ ಟ್ರೇಲಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿಡುವ ಉದ್ದದ ತೋಳು) ಹಬ್ (ಚಕ್ರ ಕೂರುವ ನಡುಭಾಗ) ಸಮೇತ, ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್, ಡಿಸ್ಕಿನ ಹಿಂದಿನ ತಗಡು, ಆರ್ಮ್ ಮೇಲೆ ಹಾದುಹೋಗುವ ಚಿಕ್ಕ ಲೋಹದ ಪೈಪು, ಎರಡು ಹ್ಯಾಂಡ್ ಬ್ರೇಕ್ ಕೇಬಲ್, ಎಂಜಿನ್ ಹಿಂದಿನ ಗೋಡೆಗೆ ಕೂತಿರುವ, ಆಗಲೇ ಹೇಳಿದ ಒತ್ತಡ ಹಂಚುವ ಪ್ರಪೋರ್ಷನಿಂಗ್ ವಾಲ್ವ್. ಸಾಧ್ಯವಾದರೆ ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೂಡ. ಡಿಸ್ಕ್, ಪ್ಯಾಡ್, ಹೋಸ್ ಇವನ್ನು ಮಾತ್ರ ಹೊಸದಾಗಿ ಕೊಳ್ಳಿ. ಹಳೆಯ ಹೋಸ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ.

ಟ್ರೇಲಿಂಗ್ ಆರ್ಮ್ ಸಮೇತ ಯಾಕೆ ಅಂದರೆ, ಈ ಕಾರಿನಲ್ಲಿ ಹಬ್ ಕೂರುವ ಭಾಗ ಆ ಆರ್ಮಿಗೇ ಸೇರಿಕೊಂಡಿದೆ. ಬರೀ ಡ್ರಮ್ ತಗಡು ತೆಗೆದು ಕ್ಯಾಲಿಪರ್ ತಗುಲಿಸುವ ಸರ್ಕಸ್ ಮಾಡುವುದಕ್ಕಿಂತ ಆರ್ಮನ್ನೇ ಬದಲಾಯಿಸುವುದು ಕಡಿಮೆ ತಲೆನೋವು, ಹೆಚ್ಚು ಭದ್ರ.

ಕೇಬಲ್ ವಿಷಯದಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. 1992–95ರ ಸಿವಿಕ್ ಹ್ಯಾಚ್‌ಬ್ಯಾಕ್ ಮತ್ತು ಎರಡು ಬಾಗಿಲ ಇಂಟೆಗ್ರಾದ ಮುಂದಿನ ಚಕ್ರದಿಂದ ಹಿಂದಿನ ಚಕ್ರದ ದೂರ ಸುಮಾರು 2,570 ಮಿ.ಮೀ. ಸಿವಿಕ್ ಸೆಡಾನ್, ಕೂಪೆ, 1996–2000ದ ಹ್ಯಾಚ್‌ಬ್ಯಾಕ್ ಮತ್ತು ನಾಲ್ಕು ಬಾಗಿಲ ಇಂಟೆಗ್ರಾದ್ದು ಸುಮಾರು 2,620. ಆ ಐದು ಸೆಂಟಿಮೀಟರ್ ಕೇಬಲ್ಲಿನಲ್ಲಿ ತೋರುತ್ತದೆ. ಹಾಗಾಗಿ ನಿಮ್ಮ ಕಾರಿನ ಉದ್ದಕ್ಕೆ ಹೊಂದುವ ಕಾರಿನಿಂದಲೇ ಕೇಬಲ್ ತನ್ನಿ. ಡ್ರಮ್ಮಿನ ಕೇಬಲ್ ಕ್ಯಾಲಿಪರಿಗೆ ಹೊಂದುವುದಿಲ್ಲ, ತುದಿಯೇ ಬೇರೆ.

ಅಂಗಳದಲ್ಲಿ ಬಿಚ್ಚುವ ಮೊದಲು ಕ್ಯಾಲಿಪರಿನ ಹ್ಯಾಂಡ್ ಬ್ರೇಕ್ ಲಿವರ್ ಕೈಯಲ್ಲಿ ಎಳೆದು ಬಿಡಿ. ಸ್ಪ್ರಿಂಗ್ ಎಳೆದು ಚಟ್ ಅಂತ ವಾಪಸ್ ಬರಬೇಕು. ಅರ್ಧಕ್ಕೆ ನಿಂತರೆ ಒಳಗೆ ತುಕ್ಕು ಹಿಡಿದಿದೆ, ಬೇರೆ ಕಾರು ನೋಡಿ. ಹಬ್ ಹಿಡಿದು ತಿರುಗಿಸಿ, ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ ಅಂತ ಲೆಕ್ಕ. ಆರ್ಮಿನ ದೊಡ್ಡ ರಬ್ಬರ್ ಬುಷ್ ಮಾತ್ರ ಎಲ್ಲ ಕಾರಿನಲ್ಲೂ ಹರಿದೇ ಇರುತ್ತದೆ, ಇಷ್ಟು ವರ್ಷಕ್ಕೆ ಅದು ಸಹಜ. ಹೊಸ ಬುಷ್ ತಂದು, ಪ್ರೆಸ್ ಇರುವ ಅಂಗಡಿಯಲ್ಲಿ ಹಾಕಿಸಿಕೊಂಡುಬಿಡಿ. ಹಳೆಯದು ಯಾವ ಕೋನದಲ್ಲಿ ಕೂತಿತ್ತು ಅಂತ ಆರ್ಮಿನ ಮೇಲೆ ಬಣ್ಣದಲ್ಲಿ ಗೆರೆ ಎಳೆದುಕೊಂಡು, ಹೊಸದನ್ನೂ ಅದೇ ಕೋನಕ್ಕೆ ಕೂರಿಸಬೇಕು.

ಆ ವಾಲ್ವ್ ಮತ್ತು ಮಾಸ್ಟರ್ ಸಿಲಿಂಡರ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಡ್ರಮ್ಮಿಗೆ ಒಂದು ಗುಣ ಇದೆ. ಡ್ರಮ್ ತಿರುಗುವಾಗ ಮುಂದಿನ ಶೂವನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ, ಬಾಗಿಲ ಅಡಿಗೆ ಸಿಕ್ಕಿಸಿದ ಮರದ ಬೆಣೆ ಬಾಗಿಲು ತಳ್ಳಿದಷ್ಟೂ ಬಿಗಿಯಾಗುತ್ತದಲ್ಲ, ಹಾಗೆ. ಹಾಗಾಗಿ ಕಮ್ಮಿ ಒತ್ತಡ ಕೊಟ್ಟರೂ ಡ್ರಮ್ ಜಾಸ್ತಿ ಹಿಡಿಯುತ್ತದೆ. ಡಿಸ್ಕಿಗೆ ಈ ಗುಣ ಇಲ್ಲ. ಪ್ಯಾಡಿನ ಮೇಲೆ ಎಷ್ಟು ಒತ್ತುತ್ತೀರೋ ಅಷ್ಟೇ ಹಿಡಿತ. ಅಂದರೆ ಡಿಸ್ಕಿಗೆ ಹಿಂದಿನ ಲೈನಿನಲ್ಲಿ ಹೆಚ್ಚು ಒತ್ತಡ ಬೇಕು. ಡ್ರಮ್ ಕಾರಿನ ಪ್ರಪೋರ್ಷನಿಂಗ್ ವಾಲ್ವ್ ಹಿಂದಿನ ಒತ್ತಡವನ್ನು ಬೇಗ ತಡೆಹಿಡಿಯುವಂತೆ ಮಾಡಿದ್ದು. ಅದನ್ನೇ ಬಿಟ್ಟರೆ ಹಿಂದಿನ ಡಿಸ್ಕ್ ಹೆಸರಿಗೆ ಮಾತ್ರ, ಎಲ್ಲ ಕೆಲಸ ಮುಂದಿನ ಬ್ರೇಕಿನ ತಲೆಗೆ.

ಹೋಂಡಾದವರ ಲೋಕದಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. ನಾಲ್ಕೂ ಡಿಸ್ಕ್ ಇರುವ, ಎಬಿಎಸ್ ಇಲ್ಲದ ಕಾರುಗಳ ವಾಲ್ವ್, ಎಲ್ಲರೂ 4040 ಅಂತ ಕರೆಯುವುದು. ಮಾಸ್ಟರ್ ಸಿಲಿಂಡರಿನಿಂದ ಎರಡು ಪೈಪು ಬಂದು, ನಾಲ್ಕು ಚಕ್ರಕ್ಕೆ ನಾಲ್ಕು ಪೈಪು ಹೋಗುವ ಹಿತ್ತಾಳೆ ಬಣ್ಣದ ಗಟ್ಟಿ. ಹಳೆಯದು ಬಿಚ್ಚಿ ಅದೇ ಜಾಗಕ್ಕೆ ಕೂರಿಸಿದರಾಯಿತು.

ರೇಸ್ ಅಂಗಡಿಗಳಲ್ಲಿ ಗುಬುಟು ತಿರುಗಿಸುವ ಅಡ್ಜಸ್ಟಬಲ್ ವಾಲ್ವ್ ಮಾರುತ್ತಾರೆ, ಅದನ್ನೇ ಯಾಕೆ ಹಾಕಬಾರದು ಅಂತ ಕೇಳಬಹುದು. ಹಳೆಯ ಮಸ್ಟ್ಯಾಂಗ್‌ನಂಥ ಅಮೆರಿಕನ್ ಕಾರಿಗೆ ಅದು ಸರಿ, ಅಲ್ಲಿ ಹಿಂದಿನ ಎರಡೂ ಚಕ್ರಕ್ಕೆ ಒಂದೇ ಲೈನು. ಸಿವಿಕ್‌ನಲ್ಲಿ ಲೈನುಗಳು ಅಡ್ಡಡ್ಡ ಹೋಗುತ್ತವೆ. ಮುಂದಿನ ಬಲ ಮತ್ತು ಹಿಂದಿನ ಎಡ ಒಂದು ಜೋಡಿ, ಮುಂದಿನ ಎಡ ಮತ್ತು ಹಿಂದಿನ ಬಲ ಇನ್ನೊಂದು. ಒಂದು ಲೈನು ಒಡೆದರೂ ಇನ್ನೊಂದು ಜೋಡಿ ಕಾರು ನಿಲ್ಲಿಸಲಿ ಅಂತ ಮಾಡಿದ ವ್ಯವಸ್ಥೆ. ಒಂದೇ ವಾಲ್ವ್ ಹಾಕಲು ಹಿಂದಿನ ಎರಡನ್ನೂ ಸೇರಿಸಿಬಿಟ್ಟರೆ ಆ ರಕ್ಷಣೆಯೇ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದ ಕಾರನ್ನು ಕೊಳ್ಳಲೂ ಬೇಡಿ.

ಮಾಸ್ಟರ್ ಸಿಲಿಂಡರ್ ಕಥೆ ಇದಕ್ಕಿಂತ ಸರಳ. ಕೆಳದರ್ಜೆಯ ಡ್ರಮ್ ಸಿವಿಕ್‌ಗಳಲ್ಲಿ ಅದರ ಒಳವ್ಯಾಸ 13/16 ಇಂಚು, ಡಿಸ್ಕ್ ಕಾರುಗಳಲ್ಲಿ ಹೆಚ್ಚಾಗಿ 15/16. ದೊಡ್ಡದು ಹಾಕಿದರೆ ಒಂದು ಒತ್ತಿಗೆ ಜಾಸ್ತಿ ಆಯಿಲ್ ಹೋಗುತ್ತದೆ, ಪೆಡಲ್ ಗಟ್ಟಿ ಮತ್ತು ಗಿಡ್ಡ ಆಗುತ್ತದೆ. ಆದರೆ ಅದೇ ಕಾಲಿನ ಬಲಕ್ಕೆ ಒತ್ತಡ ಸುಮಾರು ಕಾಲುಭಾಗ ಕಮ್ಮಿ. ಅದಕ್ಕೇ ಹೋಂಡಾ ದೊಡ್ಡ ಸಿಲಿಂಡರಿನ ಜೊತೆ ದೊಡ್ಡ ಬೂಸ್ಟರ್ ಕೊಡುತ್ತದೆ. ತಂದರೆ ಎರಡನ್ನೂ ಜೋಡಿಯಾಗಿ ತನ್ನಿ, ಇಲ್ಲವಾದರೆ ಮೊದಲು ನಿಮ್ಮ ಹಳೆಯದರಲ್ಲೇ ಓಡಿಸಿ ನೋಡಿ. ಪೆಡಲ್ ತೀರಾ ಕೆಳಗೆ ಹೋಗುತ್ತಿದೆ ಅನ್ನಿಸಿದರೆ ಆಮೇಲೆ ಬದಲಾಯಿಸಬಹುದು.

ಬಿಚ್ಚುವುದು

ಶನಿವಾರ ಬೆಳಿಗ್ಗೆ ಶುರುಮಾಡಿ, ಭಾನುವಾರ ಮಧ್ಯಾಹ್ನದವರೆಗೆ ಕಾರು ಬೇಕಾಗದಂತೆ ನೋಡಿಕೊಳ್ಳಿ. ಹಿಂದಿನ ದಿನವೇ ಕೆಳಗೆ ತೂರಿ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ, ಗೇರಿನಲ್ಲಿಡಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಇಲ್ಲವಾದರೆ ಡ್ರಮ್ ಹೊರಗೆ ಬರುವುದಿಲ್ಲ. ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ, ಕಾರನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಬರೀ ಜಾಕಿಯ ಮೇಲಿರುವ ಕಾರಿನ ಕೆಳಗೆ ತಲೆ ಹಾಕಲೇಬೇಡಿ.

ಡ್ರಮ್ ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಇನ್ನು ಬ್ರೇಕ್ ಪೈಪಿನ ನಟ್ಟು. ಈ ಕೆಲಸದಲ್ಲಿ ಜನರ ತಾಳ್ಮೆ ಕೆಡುವುದು ಇಲ್ಲೇ. ಹತ್ತು ಮಿ.ಮೀ. ನಟ್ಟು, ಮೆತ್ತನೆಯ ಲೋಹ, ಇಪ್ಪತ್ತೈದು ವರ್ಷದ ತುಕ್ಕು. ಸಾದಾ ಓಪನ್ ಸ್ಪ್ಯಾನರ್ ಎರಡೇ ಮೂಲೆ ಹಿಡಿಯುತ್ತದೆ, ಒಂದು ಸಲ ಜಾರಿದರೆ ಮೂಲೆ ದುಂಡಗಾಗಿ ನಟ್ಟು ಕೆಟ್ಟಿತು. ಫ್ಲೇರ್ ನಟ್ ಸ್ಪ್ಯಾನರ್ ಅಂತ ಸಿಗುತ್ತದೆ, ನಟ್ಟಿನ ಸುತ್ತ ಬಳಸಿ ಹಿಡಿಯುವಂಥದ್ದು, ಅದನ್ನೇ ಬಳಸಿ. ಮೊದಲು ತಂತಿ ಬ್ರಷ್ಷಿನಲ್ಲಿ ನಟ್ಟು ಉಜ್ಜಿ, ಎಣ್ಣೆ ಬಿಡಿ, ಸ್ಪ್ಯಾನರ್ ಪೂರ್ತಿ ಒಳಗೆ ಕೂರಿಸಿ, ಹಿಡಿಯನ್ನು ಅಂಗೈಯಲ್ಲಿ ಟಕ್ ಅಂತ ತಟ್ಟಿ. ನಿಧಾನವಾಗಿ ಎಳೆಯುವುದಕ್ಕಿಂತ ಆ ತಟ್ಟುವುದಕ್ಕೆ ಅದು ಬೇಗ ಬಿಡುತ್ತದೆ. ನಟ್ಟಿನ ಜೊತೆ ಪೈಪೂ ತಿರುಗುತ್ತಿದ್ದರೆ ನಿಲ್ಲಿಸಿ, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ, ಮತ್ತೆ ಎಣ್ಣೆ ಬಿಡಿ. ಪೈಪ್ ತಿರುಚಿ ಹೋದರೆ ಹೊಸ ಪೈಪಿಗೆ ಡಬಲ್ ಫ್ಲೇರ್ (ತುದಿಯನ್ನು ಎರಡು ಪದರವಾಗಿ ಮಡಿಸಿ ಅಗಲಿಸುವುದು) ಮಾಡಿಸಿ ಹಾಕಬೇಕು. ಪ್ಲಂಬಿಂಗ್‌ನಲ್ಲಿ ಬಳಸುವ ಕಂಪ್ರೆಷನ್ ಜೋಡಣೆಯನ್ನು ಬ್ರೇಕಿಗೆ ಯಾವ ಕಾರಣಕ್ಕೂ ಹಾಕಬೇಡಿ.

ಬಿಚ್ಚಿದ ಪೈಪಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟು ಎದ್ದುಬರುತ್ತದೆ, ಬಿದ್ದ ತಕ್ಷಣ ಸಾಕಷ್ಟು ನೀರು ಸುರಿದು ತೊಳೆಯಿರಿ. ಟ್ಯಾಂಕಿನಲ್ಲಿ ಆಯಿಲ್ ಪೂರ್ತಿ ಖಾಲಿಯಾಗಲು ಬಿಡಬೇಡಿ, ಆಗ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೋಗುತ್ತದೆ.

ಆಮೇಲೆ ಕಾರಿನ ಒಳಗೆ ಹ್ಯಾಂಡ್ ಬ್ರೇಕ್ ಲಿವರಿನ ಕವರ್ ತೆಗೆದು, ಅಡ್ಜಸ್ಟ್ ಮಾಡುವ ನಟ್ಟು ಸಡಿಲಿಸಿ, ಹಳೆಯ ಕೇಬಲ್‌ಗಳನ್ನು ಬಿಡಿಸಿ. ಕೆಳಗೆ ಕೇಬಲ್ ಎಲ್ಲೆಲ್ಲಿ ಕ್ಲಿಪ್ ಆಗಿದೆ ಅಂತ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಇನ್ನುಳಿದದ್ದು ಟ್ರೇಲಿಂಗ್ ಆರ್ಮ್. ಮುಂದಿನ ಬುಷ್ ಬಾಡಿಗೆ ಕೂರುವ ಎರಡು ಬೋಲ್ಟು, ಚಿಕ್ಕ ಕಾಂಪೆನ್ಸೇಟರ್ ಆರ್ಮಿನ ಬೋಲ್ಟು, ಮೇಲಿನ ಆರ್ಮ್, ಕೆಳಗಿನ ಆರ್ಮ್. ಕೊನೆಯ ಬೋಲ್ಟು ತೆಗೆಯುವಾಗ ಕೆಳಗೆ ಜಾಕಿ ಕೊಟ್ಟಿರಿ, ಆರ್ಮ್ ಭಾರ ಇದೆ, ಕಾಲಮೇಲೆ ಬೀಳುತ್ತದೆ. ಕಾಂಪೆನ್ಸೇಟರ್ ಬೋಲ್ಟು ಎಲ್ಲಿ ಕೂತಿತ್ತು ಅಂತ ಗುರುತು ಹಾಕಿ. ಹಿಂದಿನ ಚಕ್ರದ ಕೋನ ಅಲ್ಲೇ ತೀರ್ಮಾನವಾಗುತ್ತದೆ.

ಕೂರಿಸುವುದು

ಹೊಸ ಆರ್ಮ್ ಎತ್ತಿ ಎಲ್ಲ ಬೋಲ್ಟು ಕೈಯಲ್ಲೇ ಹಿಡಿಸಿ, ಬಿಗಿ ಮಾಡಬೇಡಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೊನೆಯಲ್ಲಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬಿಗಿ ಮಾಡಬೇಕು. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎಷ್ಟೋ ಗ್ಯಾರೇಜುಗಳಲ್ಲೂ ಇದನ್ನು ಪಾಲಿಸುವುದಿಲ್ಲ, ನೀವು ಪಾಲಿಸಿ.

ಹಬ್ ಬಿಚ್ಚಿದ್ದರೆ ಅದರ ನಟ್ಟು ಹೊಸದೇ ಹಾಕಿ. 181 ನ್ಯೂಟನ್ ಮೀಟರಿಗೆ ಬಿಗಿದು, ಅದರ ಅಂಚನ್ನು ಉಳಿಯಿಂದ ಅಚ್ಚಿನ ತೋಡಿನೊಳಕ್ಕೆ ಬಡಿದು ಕೂರಿಸಬೇಕು. ಹಳೆಯ ನಟ್ಟಿನಲ್ಲಿ ಬಡಿಯಲು ಅಂಚೇ ಉಳಿದಿರುವುದಿಲ್ಲ.

ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರಿನಿಂದ ಎರಡೂ ಮುಖ ತೊಳೆದು ಒರೆಸಿ. ಹಬ್ಬಿನ ಮುಖದ ತುಕ್ಕನ್ನೂ ಉಜ್ಜಿ ತೆಗೆಯಿರಿ, ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ಕೂತು ಪೆಡಲ್ ನಡುಗುತ್ತದೆ.

ಈಗ ಕ್ಯಾಲಿಪರ್. ಹಿಂದಿನ ಕ್ಯಾಲಿಪರಿನ ಪಿಸ್ಟನ್ ಮುಂದಿನದರ ಹಾಗೆ ಒತ್ತಿದರೆ ಒಳಗೆ ಹೋಗುವುದಿಲ್ಲ. ಅದರೊಳಗೆ ಹ್ಯಾಂಡ್ ಬ್ರೇಕಿನ ಸ್ಕ್ರೂ ಇದೆ. ಸಿ-ಕ್ಲ್ಯಾಂಪ್ ಹಾಕಿ ಬಲವಂತ ಮಾಡಿದರೆ ಒಳಗಿನದು ಮುರಿಯುತ್ತದೆ. ಪಿಸ್ಟನ್ ತಿರುಗಿಸುವ ಟೂಲನ್ನು ಬಿಡಿಭಾಗದ ಅಂಗಡಿಯವರು ಬಾಡಿಗೆಗೆ ಕೊಡುತ್ತಾರೆ, ಅದರಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಹೋದರೆ ನಿಧಾನವಾಗಿ ಒಳಗೆ ಇಳಿಯುತ್ತದೆ. ರಬ್ಬರ್ ಹೊದಿಕೆಯೂ ಜೊತೆಗೆ ಸುತ್ತಿಕೊಳ್ಳುತ್ತಿದೆಯಾ ನೋಡುತ್ತಿರಿ, ಸುತ್ತಿಕೊಂಡರೆ ಬೆರಳಲ್ಲಿ ಬಿಡಿಸಿ. ಪಿಸ್ಟನ್ನಿನ ಮುಖದಲ್ಲಿ ಅಡ್ಡ ತೋಡು ಇದೆ, ಒಳಗಿನ ಪ್ಯಾಡಿನ ಬೆನ್ನಿನಲ್ಲಿ ಒಂದು ಪುಟ್ಟ ಮೊಳೆಯಂಥ ಉಬ್ಬು ಇದೆ. ಆ ಉಬ್ಬು ಈ ತೋಡಿನೊಳಗೆ ಕೂರಬೇಕು. ಕೂರದಿದ್ದರೆ ಪ್ಯಾಡ್ ಓರೆ ನಿಂತು ಒಂದು ಕಡೆಯೇ ಸವೆಯುತ್ತದೆ, ಹ್ಯಾಂಡ್ ಬ್ರೇಕೂ ಸರಿಯಾಗಿ ಹೊಂದುವುದಿಲ್ಲ.

ಕ್ಯಾಲಿಪರ್ ಎಡ ಬಲ ಅದಲುಬದಲಾಗದಂತೆ ನೋಡಿಕೊಳ್ಳಿ. ಗಾಳಿ ಬಿಡುವ ನಿಪ್ಪಲ್ ಮೇಲ್ಮುಖವಾಗಿರಬೇಕು. ಕೆಳಗಿದ್ದರೆ ಗಾಳಿ ಮೇಲೆ ಸಿಕ್ಕಿಕೊಂಡು ಎಷ್ಟು ಒತ್ತಿದರೂ ಹೊರಗೆ ಬರುವುದಿಲ್ಲ. ಹೋಸಿನ ಬೋಲ್ಟಿಗೆ ಎರಡೂ ಬದಿ ಹೊಸ ವಾಷರ್ ಹಾಕಿ. ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್ನುಗಳಿಗೆ ಬ್ರೇಕಿಗೆಂದೇ ಇರುವ ಗ್ರೀಸ್ ಮಾತ್ರ, ಬೇರಿಂಗ್ ಗ್ರೀಸ್ ಬೇಡ, ಅದು ರಬ್ಬರನ್ನು ಊದಿಸುತ್ತದೆ.

ವಾಲ್ವ್ ಬದಲಾಯಿಸುವಾಗ ಆರು ಪೈಪಿಗೂ ಟೇಪಿನ ಚೀಟಿ ಅಂಟಿಸಿ, ಯಾವುದು ಎಲ್ಲಿಗೆ ಅಂತ ಬರೆದುಕೊಳ್ಳಿ. ನಟ್ಟುಗಳನ್ನು ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ, ಬೆರಳಿಗೆ ಬಾರದಿದ್ದರೆ ಎಳೆ ತಪ್ಪಿದೆ, ಬಿಚ್ಚಿ ಮತ್ತೆ ಹಿಡಿಸಿ.

ಗಾಳಿ ತೆಗೆಯುವುದು

ಸೀಲ್ ಒಡೆಯದ, ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಹೊಸ ಡಬ್ಬಿ ತೆಗೆದುಕೊಳ್ಳಿ. ತೆರೆದಿಟ್ಟ ಆಯಿಲ್ ಗಾಳಿಯ ತೇವ ಹೀರಿರುತ್ತದೆ, ಬಿಸಿಯಾದಾಗ ಬೇಗ ಕುದಿಯುತ್ತದೆ. ಸಿಲಿಕೋನಿನ ಡಾಟ್ 5 ಬೇಡ.

ಇದು ಇಬ್ಬರ ಕೆಲಸ. ಒಬ್ಬರು ಪೆಡಲ್ ಹತ್ತಿರ, ಒಬ್ಬರು ಚಕ್ರದ ಹತ್ತಿರ. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿಸಿ. ಮಾತು ಇಷ್ಟೇ ಇರಲಿ. ಕೆಳಗಿನವರು "ಒತ್ತು" ಅಂದರೆ ಮೇಲಿನವರು ನಿಧಾನವಾಗಿ ಒತ್ತಿ "ಒತ್ತಿದ್ದೀನಿ" ಅನ್ನಬೇಕು. ಆಗ ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಗುಳ್ಳೆ ಹೊರಬಂದ ಮೇಲೆ ಮುಚ್ಚಿ. ಮುಚ್ಚಿದ ಮೇಲೆಯೇ "ಬಿಡು" ಅನ್ನಬೇಕು. ಮುಚ್ಚುವ ಮೊದಲೇ ಕಾಲು ಎತ್ತಿದರೆ ಹೊರಗೆ ಹೋದ ಗಾಳಿ ವಾಪಸ್ ಒಳಗೆ. ಮೊದಮೊದಲು ದೊಡ್ಡ ಗುಳ್ಳೆ ಬರುತ್ತವೆ, ಆಮೇಲೆ ಸಣ್ಣವು, ಆಮೇಲೆ ಟ್ಯೂಬಿನಲ್ಲಿ ಬರೀ ತಿಳಿ ಜೇನು ಬಣ್ಣದ ಆಯಿಲ್. ನಾಲ್ಕೈದು ಒತ್ತಿಗೊಮ್ಮೆ ಟ್ಯಾಂಕ್ ತುಂಬಿಸಿ. ಯಾವ ಚಕ್ರ ಮೊದಲು ಅನ್ನುವುದನ್ನು ನಿಮ್ಮ ವರ್ಷದ ಸರ್ವಿಸ್ ಮ್ಯಾನುಯಲ್ ನೋಡಿಯೇ ಮಾಡಿ. ಅಡ್ಡಡ್ಡ ಲೈನ್ ಇರುವುದರಿಂದ ದೂರದ್ದು ಮೊದಲು ಅನ್ನುವ ಸಾಮಾನ್ಯ ನಿಯಮ ಎಲ್ಲ ಕಾರಿಗೂ ಹೊಂದುವುದಿಲ್ಲ. ಮಾಸ್ಟರ್ ಸಿಲಿಂಡರ್ ಬದಲಾಯಿಸಿದ್ದರೆ ಅದರ ಗಾಳಿಯನ್ನು ಕಾರಿಗೆ ಕೂರಿಸುವ ಮೊದಲೇ, ಮೇಜಿನ ಮೇಲೆ ತೆಗೆದಿರಬೇಕು.

ಪೆಡಲ್ ಗಟ್ಟಿಯಾದ ಮೇಲೆ ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದಿರಿ. ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಹಾಕಿ ಪ್ರತಿಯೊಂದು ಜೋಡಣೆಯನ್ನೂ ಒಣ ಟಿಶ್ಯೂ ಪೇಪರಿನಿಂದ ಒರೆಸಿ ನೋಡಿ, ಕಣ್ಣಿಗೆ ಕಾಣದ ಒದ್ದೆ ಪೇಪರಿನಲ್ಲಿ ಕಾಣುತ್ತದೆ.

ಹ್ಯಾಂಡ್ ಬ್ರೇಕ್

ಹ್ಯಾಂಡ್ ಬ್ರೇಕ್ ಹೊಂದಿಸುವ ಮೊದಲು ಕಾಲಿನ ಬ್ರೇಕ್ ಹತ್ತಾರು ಸಲ ಒತ್ತಿ, ಪಿಸ್ಟನ್ ತನ್ನ ಜಾಗಕ್ಕೆ ಬರಲಿ. ಲಿವರ್ ಪೂರ್ತಿ ಕೆಳಗಿರುವಾಗ ಎರಡೂ ಕ್ಯಾಲಿಪರಿನ ಚಿಕ್ಕ ತೋಳು ತನ್ನ ತಡೆ ಪಿನ್ನಿಗೆ ತಾಗಿಕೊಂಡಿರಬೇಕು. ತಾಗದೆ ಎದ್ದಿದ್ದರೆ ಕೇಬಲ್ ಬಿಗಿ ಜಾಸ್ತಿಯಾಗಿದೆ, ಓಡಿಸುವಾಗ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಅಲ್ಲಿಂದ ಒಳಗಿನ ನಟ್ಟು ಬಿಗಿಯುತ್ತಾ, ಲಿವರ್ ಎಳೆದಾಗ ಆರರಿಂದ ಹತ್ತು ಕ್ಲಿಕ್‌ಗೆ ಗಟ್ಟಿಯಾಗುವಂತೆ ಮಾಡಿ. ಇಳಿಸಿದಾಗ ಎರಡೂ ಚಕ್ರ ಕೈಯಲ್ಲಿ ಹಗುರಾಗಿ ತಿರುಗಬೇಕು. ಡ್ರಮ್ಮಿನ ಹ್ಯಾಂಡ್ ಬ್ರೇಕಿನಷ್ಟು ಬಿಗಿ ಹಿಡಿತ ಇದರಲ್ಲಿ ಸಿಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲೂ ಇಟ್ಟು, ಕಾರಿನ ಮೂತಿ ಕೆಳಮುಖವಾಗಿದ್ದರೆ ಚಕ್ರವನ್ನು ಕಟ್ಟೆಯ ಕಡೆ ತಿರುಗಿಸಿಡಿ.

ಚಕ್ರ ಹಾಕಿ ಕೈಯಲ್ಲಿ ತಿರುಗಿಸಿ, ಕ್ಯಾಲಿಪರಿಗೆ ತಾಗುತ್ತದೆಯಾ ಪರೀಕ್ಷಿಸಿ. ಹದಿಮೂರು ಇಂಚಿನ ಹಳೆಯ ಚಕ್ರ ಇದ್ದವರು ಇದನ್ನು ಕೆಲಸ ಶುರುಮಾಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಚಕ್ರದ ನಟ್ಟು 108 ನ್ಯೂಟನ್ ಮೀಟರ್. ಕಾರು ನೆಲಕ್ಕಿಳಿಸಿದ ಮೇಲೆ, ಆಗ ಹೇಳಿದ ಬುಷ್ ಬೋಲ್ಟುಗಳನ್ನು ಮ್ಯಾನುಯಲ್ಲಿನ ಅಳತೆಗೆ ಬಿಗಿ ಮಾಡಿ.

ಮೊದಲ ಓಟ

ಎಂಜಿನ್ ಶುರುಮಾಡಿ, ಕಾರು ಕದಲಿಸುವ ಮೊದಲು ಬ್ರೇಕ್ ಒತ್ತಿ ನೋಡಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ. ಸರಿ ಅನಿಸಿದರೆ ಪ್ಯಾಡ್ ಹೊಂದಿಸುವುದು: ಗಂಟೆಗೆ 60 ಕಿ.ಮೀ.ಯಿಂದ 15ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿದು, ಎಂಟು ಹತ್ತು ಸಲ. ನಡುನಡುವೆ ಗಾಳಿ ತಾಗಲು ಬಿಡಿ. ಕೊನೆಗೆ ಬ್ರೇಕ್ ಹೆಚ್ಚು ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಿಸಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಲ್ಲಬಾರದು, ಹ್ಯಾಂಡ್ ಬ್ರೇಕನ್ನೂ ಆಗ ಎಳೆಯಬೇಡಿ.

ಕಡೆಯ ಪರೀಕ್ಷೆಗೆ ಯಾರೂ ಇಲ್ಲದ ಜಾಗ ಬೇಕು, ಹೊರಗೆ ದೂರದಲ್ಲಿ ಬದಿಗೆ ನಿಂತು ನೋಡಲು ಒಬ್ಬರು ಬೇಕು. ಸುಮಾರು 40 ಕಿ.ಮೀ. ವೇಗದಲ್ಲಿ ನೇರವಾಗಿ ಹೋಗುತ್ತಾ ಜೋರಾಗಿ ಬ್ರೇಕ್ ಒತ್ತಿ. ಎಬಿಎಸ್ ಇಲ್ಲದ ಕಾರಿನಲ್ಲಿ ಮುಂದಿನ ಚಕ್ರವೇ ಮೊದಲು ಲಾಕ್ ಆಗಬೇಕು. ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಬಾಲ ತಿರುಗುತ್ತದೆ, ಮಳೆಯ ರಸ್ತೆಯ ತಿರುವಿನಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ಹಾಗಾದರೆ ಆ ಕಾರನ್ನು ರಸ್ತೆಗೆ ಇಳಿಸಬೇಡಿ. ವಾಲ್ವ್ ಸರಿಯಾದದ್ದೇನಾ, ಮುಂದಿನ ಕ್ಯಾಲಿಪರ್ ಅಥವಾ ಪ್ಯಾಡ್ ಹಿಡಿದುಕೊಂಡಿದೆಯಾ, ಮುಂದಿನ ಲೈನಿನಲ್ಲಿ ಗಾಳಿ ಉಳಿದಿದೆಯಾ, ಟೈರುಗಳು ಹಿಂದೆ ಮುಂದೆ ಬೇರೆ ಬೇರೆ ಸವೆದಿವೆಯಾ, ಒಂದೊಂದಾಗಿ ನೋಡಿ.

ಮಾರನೇ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಎಷ್ಟೇ ಗುರುತು ಹಾಕಿ ಕೂರಿಸಿದ್ದರೂ ಹಿಂದಿನ ಚಕ್ರದ ಕೋನ ಬದಲಾಗಿರುತ್ತದೆ. ನೂರು ಕಿ.ಮೀ. ಆದ ಮೇಲೆ ಚಕ್ರದ ನಟ್ಟು ಮತ್ತೊಮ್ಮೆ ಬಿಗಿ ನೋಡಿ, ಆಯಿಲ್ ಮಟ್ಟ ನೋಡಿ, ಒಂದು ಓಟದ ನಂತರ ಎರಡೂ ಹಿಂದಿನ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಇನ್ನೊಂದಕ್ಕಿಂತ ಬಹಳ ಬಿಸಿ ಬಡಿಯುತ್ತಿದ್ದರೆ ಆ ಕಡೆಯ ಸ್ಲೈಡ್ ಪಿನ್ನೋ ಹ್ಯಾಂಡ್ ಬ್ರೇಕ್ ಕೇಬಲ್ಲೋ ಹಿಡಿದುಕೊಂಡಿದೆ, ಆ ಚಕ್ರ ಬಿಚ್ಚಿ ಅಲ್ಲಿಂದ ಶುರುಮಾಡಿ.